ಹ್ಯಾವಕ್ ಅಂದ್ರೆ ನಾಶವೋ ಹಾವಳಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು ನನ್ನ ದಿನದ ಕೆಲಸ. ಮಳೆಗಾಲ ಶುರುವಾದರೆ ಸಾಕು, ಹ್ಯಾವಕ್ (havoc) ಅನ್ನುವ ಈ ಒಂದು ಪದ ದಿನಕ್ಕೆ ನಾಲ್ಕು ಸಲ ಎದುರಿಗೆ ಬಂದು ನಿಲ್ಲುತ್ತದೆ. ಮಳೆ ಮಾಡಿದ್ದೂ ಹ್ಯಾವಕ್, ಆನೆ ಮಾಡಿದ್ದೂ ಹ್ಯಾವಕ್, ಬ್ಯಾಂಕಿನ ಸರ್ವರ್ ಕೈಕೊಟ್ಟರೆ ಅದೂ ಹ್ಯಾವಕ್. ಡೆಸ್ಕಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಬಂದು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಹ್ಯಾವಕ್ ಅಂದರೆ ಏನು? ಒಂದೇ ಮಾತಲ್ಲಿ ಹೇಳಿ.

ಹಾವಳಿ. ಒಂದೇ ಮಾತು ಅಂದಿರಲ್ಲ, ಅಷ್ಟೇ. ಆದರೆ ಈ ಉತ್ತರ ಎಲ್ಲ ಕಡೆ ನಡೆಯುವುದಿಲ್ಲ. ಎಲ್ಲಿ ನಡೆಯುವುದಿಲ್ಲ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಹೇಗೆ ಹೇಳಬೇಕು? ಹ್ಯಾವೋಕ್, ಹವೋಕ್, ಹಾವಾಕ್?

ಹ್ಯಾವಕ್. ಒತ್ತು ಮೊದಲ ಅಕ್ಷರದ ಮೇಲೆ, ಕೊನೆಯದನ್ನು ಹಾಗೇ ಸಣ್ಣಗೆ ನುಂಗಿಬಿಡಬೇಕು. ಕೊನೆಯಲ್ಲಿ ಇರುವುದು ಓ ಮತ್ತು ಸಿ. ಆ ಓ ನೋಡಿಯೇ ಎಲ್ಲರೂ ‘ವೋಕ್’ ಅನ್ನುತ್ತಾರೆ. ನಾನೂ ಕಾಲೇಜು ಮುಗಿಯುವವರೆಗೆ ಹಾಗೇ ಅನ್ನುತ್ತಿದ್ದೆ, ಯಾರೂ ತಿದ್ದಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ನಿಘಂಟಿನಲ್ಲಿ ನಾಶ, ವಿನಾಶ ಅಂತಲೇ ಇದೆಯಲ್ಲ? ನೀವ್ಯಾಕೆ ಹಾವಳಿ ಅಂತೀರಿ?

ನಿಘಂಟು ತಪ್ಪು ಹೇಳುತ್ತಿಲ್ಲ, ಅರ್ಧ ಹೇಳುತ್ತಿದೆ. ನಮ್ಮ ಮನೆಯ ಗದ್ದೆಯನ್ನೇ ತೋರಿಸುತ್ತೇನೆ.

ನಮ್ಮೂರು ಸಕಲೇಶಪುರದ ಕಡೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಕಾಡಾನೆ ಅಂದರೆ ಪೇಪರಲ್ಲಿ ಓದುವ ವಿಷಯವಲ್ಲ, ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುವ ವಿಷಯ. ಒಂದು ವರ್ಷ ಕೊಯ್ಲಿಗೆ ಇನ್ನು ವಾರ ಇದೆ ಅನ್ನುವಾಗ ನಾನು ಊರಲ್ಲಿದ್ದೆ. ಬೆಳಗ್ಗೆ ಚಿಕ್ಕಪ್ಪ ಬಂದು ಕರೆದರು, ಚಪ್ಪಲಿ ಹಾಕಿಕೊಂಡು ಹಿಂದೆ ಹೋದೆ. ಬೇಲಿಯ ತಂತಿ ಒಂದು ಕಡೆ ಮಲಗಿತ್ತು. ಬದುವಿನ ಮೇಲಿನ ಬಾಳೆಗಿಡಗಳನ್ನು ಉದ್ದಕ್ಕೆ ಸೀಳಿ ಒಳಗಿನ ದಿಂಡು ಮಾತ್ರ ತಿಂದು, ಸಿಪ್ಪೆಯನ್ನು ಹಾಗೇ ಬಿಸಾಡಿದ್ದವು. ಗದ್ದೆಯೊಳಗೆ ಬೇಸಿನ್ ಅಗಲದ ಹೆಜ್ಜೆಗಳು, ಪ್ರತಿ ಹೆಜ್ಜೆಯಲ್ಲೂ ನೀರು ತುಂಬಿ, ಆ ನೀರಿನಡಿ ಬಲಿತ ತೆನೆಗಳು ಕೆಸರಿಗೆ ಒತ್ತಿಕೊಂಡು ಮಲಗಿದ್ದವು. ಒಂದು ಮೂಲೆಯಲ್ಲಂತೂ ಆರಾಮಾಗಿ ಹೊರಳಾಡಿದ ಗುರುತು. ನೀರಿನ ಪೈಪು ಮೂರು ತುಂಡು. ಅದರಲ್ಲಿ ತಿನ್ನುವಂಥದ್ದು ಏನಿತ್ತು ಹೇಳಿ?

ಚಿಕ್ಕಪ್ಪ ಹೇಳಿದ್ದು ಇಷ್ಟೇ. ‘ತಿಂದ್ಕೊಂಡು ಹೋಗಿದ್ರೆ ಬೇಜಾರಿರ್ಲಿಲ್ಲ ಕಣೇ, ತುಳಿದು ಹೋಗಿದಾವೆ.’

ಈಗ ಹೇಳಿ, ಗದ್ದೆ ನಾಶ ಆಯ್ತಾ? ಇಲ್ಲ. ಗದ್ದೆ ಅಲ್ಲೇ ಇದೆ, ಮುಂದಿನ ವರ್ಷ ಮತ್ತೆ ನಾಟಿ ಮಾಡಿದರು. ಆ ವರ್ಷವೂ ಮುಕ್ಕಾಲು ಪಾಲು ಭತ್ತ ಮನೆಗೆ ಬಂತು. ಆದರೂ ಆ ಬೆಳಗ್ಗೆ ಅಲ್ಲಿ ನಿಂತವರಿಗೆ ಕಂಡಿದ್ದು ಹ್ಯಾವಕ್ಕೇ. ನಾಶ ಅನ್ನುವುದು ಕೊನೆಯಲ್ಲಿ ಏನು ಉಳಿಯಿತು ಅನ್ನುವ ಲೆಕ್ಕ. ಹ್ಯಾವಕ್ ಅನ್ನುವುದು ಯಾರೋ ನುಗ್ಗಿ, ಹೇಳೋರು ಕೇಳೋರು ಇಲ್ಲದೆ, ಸಿಕ್ಕಿದ್ದನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ ಹೋದರು ಅನ್ನುವ ಚಿತ್ರ. ಇದಕ್ಕೆ ಊರಿನವರು ಬಳಸುವ ಪದ ‘ಆನೆ ಹಾವಳಿ’. ಪರಿಹಾರದ ಅರ್ಜಿಯಲ್ಲಿ ಅದೇ ‘ಬೆಳೆ ಹಾನಿ’ ಆಗುತ್ತದೆ. ಆಫೀಸಿಗೆ ಎಷ್ಟು ಹೋಯಿತು ಅನ್ನುವುದು ಬೇಕು, ಮನೆಯವರಿಗೆ ಹೇಗೆ ಹೋಯಿತು ಅನ್ನುವುದೇ ಮುಖ್ಯ.

ಹ್ಯಾವಕ್, ಹಾವಳಿ ಎರಡೂ ಕೇಳೋಕೆ ಒಂದೇ ಥರ ಇವೆ. ನೆಂಟರಾ?

ಅಲ್ಲ. ಹ್ಯಾವಕ್ ಬಂದಿದ್ದು ಹಳೆಯ ಫ್ರೆಂಚ್ ಕಡೆಯಿಂದ. ಹಾವಳಿ ನಮ್ಮದು. ಎರಡಕ್ಕೂ ‘ಹಾ’ ಇದೆ, ‘ವ’ ಇದೆ, ಅರ್ಥವೂ ಹತ್ತಿರ ಇದೆ, ಆದರೂ ಕಾಕತಾಳೀಯ ಅಷ್ಟೇ. ಇದನ್ನು ಹಿಡಿದುಕೊಂಡು ‘ಇಂಗ್ಲಿಷಿಗೆ ಪದ ಕೊಟ್ಟಿದ್ದೇ ಕನ್ನಡ’ ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ, ದಯವಿಟ್ಟು. ನೆನಪಿಟ್ಟುಕೊಳ್ಳೋಕೆ ಮಾತ್ರ ಚೆನ್ನಾಗಿದೆ.

ಹಾಗಾದರೆ ಮೂಲದಲ್ಲಿ ಏನಿತ್ತು?

ಒಂದು ಕೂಗು. ಇದು ನನಗೆ ಈ ಪದದಲ್ಲಿ ತುಂಬಾ ಇಷ್ಟವಾದ ಭಾಗ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆಯ ಫ್ರೆಂಚಿನಲ್ಲಿ ‘ಹಾವೋ’ ಅನ್ನುವ ಥರದ ಒಂದು ಪದ ಇತ್ತು, ಕೊಳ್ಳೆ ಅಂತ ಅರ್ಥ. ಇಂಗ್ಲೆಂಡಿನ ಆಳುವ ಮಂದಿ ಆಗ ಒಂಥರಾ ಫ್ರೆಂಚನ್ನೇ ಮಾತಾಡುತ್ತಿದ್ದರು, ಅವರ ಬಾಯಲ್ಲಿ ಅದು ‘ಹಾವೊಕ್’ ಆಯಿತು. ಯುದ್ಧದಲ್ಲಿ ಗೆದ್ದ ಕಡೆಯವರು ‘ಹ್ಯಾವಕ್!’ ಅಂತ ಕೂಗಿದರೆ ಸೈನಿಕರಿಗೆಲ್ಲ ಅದೇ ಸೂಚನೆ: ಯುದ್ಧ ಮುಗೀತು, ಇನ್ನು ಸಾಲು ಬಿಡಿ, ಸಿಕ್ಕಿದ್ದನ್ನು ಬಾಚಿಕೊಳ್ಳಿ. ಅಂದರೆ ಆಗ ಅದು ಹಾಳಾದದ್ದರ ಹೆಸರಾಗಿರಲಿಲ್ಲ. ಹಾಳು ಮಾಡೋಕೆ ಕೊಡುವ ಅಪ್ಪಣೆಯಾಗಿತ್ತು.

ಹಾಗೆ ಕೂಗಿದರೆ ತಲೆ ಹೋಗುತ್ತಿತ್ತು ಅಂತ ಎಲ್ಲೋ ಓದಿದ್ದೆ. ನಿಜವಾ?

ನಿಜ. 1385ರಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ರಿಚರ್ಡ್ ಸ್ಕಾಟ್ಲೆಂಡ್ ಮೇಲೆ ದಂಡೆತ್ತಿ ಹೊರಟ. ಅವನಿಗಾಗ ಬರೀ 18 ವರ್ಷ. ದಾರಿಯಲ್ಲಿ ಡರ್ಹಮ್ ಅನ್ನುವ ಊರಲ್ಲಿ ಸೈನ್ಯಕ್ಕೆ ಒಂದಷ್ಟು ಕಟ್ಟಳೆಗಳನ್ನು ಹೊರಡಿಸಿದರು. ಫ್ರೆಂಚಿನಲ್ಲೇ ಬರೆದ ಆ ಪಟ್ಟಿಯಲ್ಲಿ ಇದೂ ಒಂದು: ಯಾರೂ ‘ಹ್ಯಾವಕ್’ ಅಂತ ಕೂಗುವ ಧೈರ್ಯ ಮಾಡಬಾರದು, ಕೂಗಿದರೆ ತಲೆ ಕತ್ತರಿಸಲಾಗುತ್ತದೆ. ಮುಂದೆ ಐದನೆಯ ಹೆನ್ರಿಯ ಕಾಲದ ಕಟ್ಟಳೆಗಳಲ್ಲೂ ಇದೇ ನಿಷೇಧ ಮುಂದುವರಿಯಿತು.

ಕರುಣೆಯಿಂದ ಮಾಡಿದ್ದು ಅಂತ ಅಂದುಕೊಳ್ಳಬೇಡಿ. ಲೂಟಿ ಮಾಡಬಾರದು ಅನ್ನುವುದು ಅವರ ತಲೆಯಲ್ಲಿ ಇರಲೇ ಇಲ್ಲ, ಯಾವಾಗ ಮಾಡಬೇಕು ಅನ್ನುವುದಷ್ಟೇ ಇದ್ದದ್ದು. ಆ ಕಾಲದ ಯುದ್ಧದಲ್ಲಿ ದುಡ್ಡು ಇದ್ದಿದ್ದೇ ಕೊಳ್ಳೆಯಲ್ಲಿ. ಶ್ರೀಮಂತ ಶತ್ರುವನ್ನು ಜೀವಂತ ಹಿಡಿದರೆ ಬಿಡಿಸಿಕೊಳ್ಳಲು ಅವನ ಮನೆಯವರು ಕೊಡುವ ಹಣ ಹಿಡಿದವನಿಗೆ ಬರುತ್ತಿತ್ತು, ಅದರಲ್ಲಿ ಮೇಲಿನವರಿಗೂ ಪಾಲು. ಹೀಗಿರುವಾಗ ಯುದ್ಧ ಅರ್ಧದಲ್ಲಿರುವಾಗಲೇ ಒಬ್ಬ ಕಿಲಾಡಿ ‘ಹ್ಯಾವಕ್’ ಅಂದುಬಿಟ್ಟರೆ? ಎಲ್ಲರೂ ಸಾಲು ಮುರಿದು ಗಾಡಿಗಳ ಕಡೆ ಓಡುತ್ತಾರೆ, ಕೈದಿಗಳಿಗಾಗಿ ತಮ್ಮತಮ್ಮಲ್ಲೇ ಕಿತ್ತಾಡುತ್ತಾರೆ, ಅಷ್ಟರಲ್ಲಿ ಓಡಿಹೋದ ಶತ್ರು ತಿರುಗಿ ಬಂದರೆ ಕಥೆ ಮುಗೀತು. ಒಂದು ಪದ ಕೂಗಿದ್ದಕ್ಕೆ ತಲೆದಂಡ ಇಟ್ಟಿದ್ದು ಇದಕ್ಕೆ.

ಮದುವೆ ಮನೆಯಲ್ಲಿ ಒಬ್ಬ ‘ಊಟಕ್ಕೆ ಎಲೆ ಹಾಕಿದ್ರು’ ಅಂದ ಕೂಡಲೇ ತಾಳಿ ಕಟ್ಟುವುದನ್ನೂ ಬಿಟ್ಟು ಅರ್ಧ ಛತ್ರ ಎದ್ದು ಹೋಗುತ್ತಲ್ಲ, ಆ ಥರ. ತಲೆ ಮಾತ್ರ ಹೋಗಲ್ಲ.

ಶೇಕ್ಸ್‌ಪಿಯರ್ ನಾಟಕದಲ್ಲಿ ನಾಯಿಗಳ ಜೊತೆ ಈ ಪದ ಬರುತ್ತಲ್ಲ, ಅದು?

ಅದು ‘ಜೂಲಿಯಸ್ ಸೀಸರ್’, ಮೂರನೆಯ ಅಂಕ. ಕೊಲೆಯಾದ ಸೀಸರ್ ಹೆಣದ ಮುಂದೆ ಒಬ್ಬನೇ ನಿಂತು ಅವನ ಗೆಳೆಯ ಆಂಟನಿ ಹೇಳುವ ಮಾತು. ಸೀಸರನ ಆತ್ಮ ಸೇಡಿಗಾಗಿ ಅಲೆಯುತ್ತಾ ಬಂದು ಹ್ಯಾವಕ್ ಕೂಗುತ್ತದೆ, ಯುದ್ಧದ ನಾಯಿಗಳನ್ನು ಹಗ್ಗ ಬಿಚ್ಚಿ ಬಿಡುತ್ತದೆ ಅನ್ನುತ್ತಾನೆ. ಹಳೆಯ ಅರ್ಥ ಇಲ್ಲಿ ಇನ್ನೂ ಜೀವಂತ ಇದೆ ನೋಡಿ. ಹ್ಯಾವಕ್ ಅನ್ನುವುದು ಇಲ್ಲೂ ‘ಆಗುವ’ ವಸ್ತುವಲ್ಲ, ‘ಕೂಗುವ’ ವಸ್ತು. ಈಗಿನವರು ಇದನ್ನು ಬರೀ ‘ನಾಶವಾಗಲಿ’ ಅಂತ ಓದಿಕೊಂಡು ಮುಂದೆ ಹೋಗುತ್ತಾರೆ. ‘ಕೊಳ್ಳೆ ಹೊಡೀರೋ!’ ಅಂತ ಓದಿ ನೋಡಿ, ಮೈ ಜುಂ ಅನ್ನುತ್ತೆ.

ಶೇಕ್ಸ್‌ಪಿಯರನದೇ ‘ಕೋರಿಯೊಲೇನಸ್’ ನಾಟಕದಲ್ಲೂ ಇದು ಬರುತ್ತದೆ. ಅಳತೆಯಲ್ಲಿ ಬೇಟೆಯಾಡಬೇಕಾದ ಕಡೆ ಹ್ಯಾವಕ್ ಕೂಗಬೇಡಿ ಅಂತ ಒಬ್ಬ ಬುದ್ಧಿ ಹೇಳುತ್ತಾನೆ. ಬೇಟೆಗೂ ಹ್ಯಾವಕ್‌ಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳೋಕೆ ನನಗಂತೂ ಬರಲ್ಲ. ಬೇಟೆಗೆ ಒಂದು ಗುರಿ, ಒಂದು ಮಿತಿ ಇರುತ್ತೆ. ಹ್ಯಾವಕ್‌ಗೆ ಎರಡೂ ಇಲ್ಲ.

ನಮ್ಮ ಕಡೆ ಇಂಥ ಪದ ಇದೆಯಾ? ಅಂದರೆ ಆ ಹಳೆಯ ಅರ್ಥಕ್ಕೆ?

ಕೊಳ್ಳೆ. ಬೇರೆ ಹುಡುಕುವುದೇ ಬೇಡ. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಅನ್ನುವ ಗಾದೆಯಲ್ಲಿ ಇರುವುದು ಇದೇ ಹ್ಯಾವಕ್. ಕೊಳ್ಳೆ ಹೊಡೆಯುವುದನ್ನು ಕಣ್ಣಾರೆ ಕಂಡ ಜನರೇ ಇಂಥ ಗಾದೆ ಮಾಡೋದು.

ಕಂಡಿದ್ದರು ಕೂಡ. 1791ರಲ್ಲಿ ಮೂರನೆಯ ಮೈಸೂರು ಯುದ್ಧ ನಡೆಯುವಾಗ ಮರಾಠಾ ಸೈನ್ಯದ ಜೊತೆಗಿದ್ದ ಪಿಂಡಾರಿ ದಂಡು ಶೃಂಗೇರಿ ಮಠಕ್ಕೇ ನುಗ್ಗಿ ಲೂಟಿ ಮಾಡಿತು. ಆಮೇಲೆ ಮಠ ಮತ್ತೆ ನಿಲ್ಲಲಿ ಅಂತ ಟಿಪ್ಪು ಸುಲ್ತಾನ್ ನೆರವು ಕಳಿಸಿದ, ಅವನು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಸಿಕ್ಕಿವೆ. ನಾನಿಲ್ಲಿ ಹೇಳಹೊರಟಿದ್ದು ಪಿಂಡಾರಿಗಳ ಬಗ್ಗೆ. ಅವರಿಗೆ ಸಂಬಳ ಅಂತ ಇರುತ್ತಿರಲಿಲ್ಲ. ದಂಡಿನ ಜೊತೆ ಬರಬೇಕು, ಕೊಳ್ಳೆ ಹೊಡೆದದ್ದರಲ್ಲಿ ಬದುಕಬೇಕು. ಇಂಗ್ಲೆಂಡಿನ ರಾಜ ತಲೆ ತೆಗೆಯುತ್ತೇನೆ ಅಂತ ಹೆದರಿಸಿ ತಡೆದಿದ್ದ ಕೂಗು ಇಲ್ಲಿ ಕೆಲಸದ ಷರತ್ತೇ ಆಗಿತ್ತು.

ಇನ್ನೊಂದು ತಮಾಷೆ. ಹ್ಯಾವಕ್‌ನಿಂದ ಕೊಳ್ಳೆಯ ಅರ್ಥ ನಿಧಾನಕ್ಕೆ ಬಿದ್ದುಹೋಯಿತು. ಈಗ ಇಂಗ್ಲಿಷಿನಲ್ಲಿ ಕೊಳ್ಳೆಗೆ ದಿನಬಳಕೆಯ ಪದ ಯಾವುದು? ಲೂಟ್. ಅದು ನಮ್ಮ ದೇಶದಿಂದ, ಹಿಂದಿಯಿಂದ ಹೋದದ್ದು. ಪದವನ್ನೂ ಲೂಟಿ ಮಾಡಿದರು ಅಂತ ಹಳೆಯ ಜೋಕ್ ಇದೆ, ಗೊತ್ತಲ್ಲ.

ಕೊಳ್ಳೆ ಅಂತಿದ್ದ ಪದವನ್ನು ಈಗ ಎಲ್ಲದಕ್ಕೂ ಬಳಸೋದು ತಪ್ಪಲ್ವಾ?

ಯಾಕೆ ತಪ್ಪು? ನೀವು ನಿನ್ನೆ ಮನೆಯಲ್ಲಿ ಯಾರಿಗಾದರೂ ‘ಸಣ್ಣ ವಿಷಯಕ್ಕೆ ಎಷ್ಟು ರಾದ್ಧಾಂತ ಮಾಡ್ತೀಯ’ ಅಂದಿರಬಹುದು. ರಾದ್ಧಾಂತ ಅಂದರೆ ಸಂಸ್ಕೃತದಲ್ಲಿ ಸಿದ್ಧಾಂತ, ವಾದ ಮಾಡಿ ತೀರ್ಮಾನವಾದ ಮಾತು. ಕನ್ನಡಕ್ಕೆ ಬಂದು ಅದು ತೀರ್ಮಾನವೇ ಆಗದ ಗಲಾಟೆ ಆಯಿತು. ‘ಮಳೆ ಅವಾಂತರ’ ಅಂತ ದಿನಾ ಹೆಡ್ಡಿಂಗ್ ಕೊಡುತ್ತೇವೆ, ಅವಾಂತರ ಅಂದರೆ ಮೂಲದಲ್ಲಿ ನಡುವೆ ಇರುವುದು, ಒಳಗಿನದು ಅಂತ ಅಷ್ಟೇ. ಈಗ ಯಾರಾದರೂ ಬಂದು ಇವನ್ನು ಮೂಲ ಅರ್ಥದಲ್ಲೇ ಬಳಸಿ ಅಂದರೆ ನಾವು ಕೇಳುತ್ತೇವಾ? ಹ್ಯಾವಕ್‌ಗೂ ಅದೇ ನ್ಯಾಯ. ಜನ ಬಳಸಿದ್ದೇ ಅರ್ಥ. ಹಳೆಯದು ಗೊತ್ತಿದ್ದರೆ ಬಳಸುವಾಗ ಕೈ ಹತೋಟಿಯಲ್ಲಿ ಇರುತ್ತೆ, ಅಷ್ಟೇ ಲಾಭ.

‘ಹಾವಳಿ ಎಬ್ಬಿಸು’ ಅನ್ನೋಕೆ ಇಂಗ್ಲಿಷಿನಲ್ಲಿ ರೀಕ್ (wreak) ಹ್ಯಾವಕ್ಕೋ, ರೆಕ್ (wreck) ಹ್ಯಾವಕ್ಕೋ?

ರೀಕ್. ಇದು ಎಲ್ಲರೂ ಜಾರಿ ಬೀಳುವ ಜಾಗ. ನಾನೂ ಬಿದ್ದಿದ್ದೇನೆ. ಕೆಲಸಕ್ಕೆ ಹಾಕಿದ ಮೊದಲ ಅರ್ಜಿಯ ಜೊತೆ ಒಂದು ಪುಟದ ಇಂಗ್ಲಿಷ್ ಬರಹ ಕೊಡಬೇಕಿತ್ತು. ಮಲೆನಾಡಿನ ಮಳೆ ಬಗ್ಗೆ ಭಾರೀ ಹುಮ್ಮಸ್ಸಿನಿಂದ ಬರೆದು, ಮೊದಲ ಸಾಲಲ್ಲೇ ‘ರೆಕ್ ಹ್ಯಾವಕ್’ ಅಂತ ಹಾಕಿದ್ದೆ. ಸಂದರ್ಶನ ಮಾಡಿದವರು ಆ ಪದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಹಾಳೆಯನ್ನು ನನ್ನ ಕಡೆ ತಿರುಗಿಸಿ, ‘ಹ್ಯಾವಕ್ಕನ್ನೇ ಒಡೆದು ಹಾಕಿಬಿಟ್ಟರೆ ಒಳ್ಳೇದೇ ಆಯ್ತಲ್ಲಮ್ಮ’ ಅಂದರು. ಕೆಲಸ ಸಿಗಲಿಲ್ಲ. ಅದೊಂದೇ ಕಾರಣ ಇರಲಿಕ್ಕಿಲ್ಲ ಅನ್ನಿ.

ರೆಕ್ ಅಂದರೆ ಒಡೆದು ಹಾಳುಮಾಡುವುದು. ರೀಕ್ ಅಂದರೆ ಬರಿಸುವುದು, ಉಂಟುಮಾಡುವುದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಓಡಿಸು, ಸೇಡು ತೀರಿಸಿಕೊ ಅನ್ನುವ ಅರ್ಥ ಇತ್ತು. ಈಗ ಆ ಪದ ಒಂಟಿಯಾಗಿ ಎಲ್ಲೂ ಕಾಣಿಸಲ್ಲ, ಒಂದೋ ಸೇಡಿನ ಜೊತೆ, ಇಲ್ಲಾ ಹ್ಯಾವಕ್ ಜೊತೆ. ಕನ್ನಡದಲ್ಲಿ ‘ಚೆಲ್ಲಾಪಿಲ್ಲಿ’ಯ ‘ಪಿಲ್ಲಿ’ಯನ್ನು ಅದೇ ಅರ್ಥದಲ್ಲಿ ಒಂಟಿಯಾಗಿ ಎಲ್ಲೂ ನೋಡಲ್ಲ, ಹಾಗೆ.

ಇನ್ನೊಂದು ರೀಕ್ ಇದೆ, ಡಬಲ್ ಇ ಹಾಕಿ ಬರೆಯುವುದು. ಅದಕ್ಕೆ ನಾತ ಹೊಡೆಯುವುದು ಅಂತ ಅರ್ಥ. ಉಚ್ಚಾರ ಒಂದೇ ಆದ್ದರಿಂದ ಎಷ್ಟೋ ಜನ ಅದನ್ನೇ ಬರೆಯುತ್ತಾರೆ. ಮಳೆ ನಾತ ಹೊಡೆಯಿತು ಅಂತಾಗುತ್ತೆ. ಬೆಂಗಳೂರಿನ ಕೆಲವು ರಾಜಕಾಲುವೆಗಳ ಮಟ್ಟಿಗೆ ಅದೂ ಸರಿಯೇ ಇರಬಹುದು.

ಹಳೆಯ ಪುಸ್ತಕಗಳಲ್ಲಿ ‘ರಾಟ್ (wrought) ಹ್ಯಾವಕ್’ ಅಂತ ನೋಡಿದೆ. ಅದು ರೀಕ್‌ನ ಭೂತಕಾಲವಾ?

ಅಲ್ಲ. ರೀಕ್‌ನ ಭೂತಕಾಲ ರೀಕ್ಡ್. ರಾಟ್ ಅನ್ನುವುದು ‘ವರ್ಕ್’ನ ಹಳೆಯ ಭೂತಕಾಲ. ‘ವರ್ಕ್ ಹ್ಯಾವಕ್’ ಅಂತಲೂ ಒಂದು ಬಳಕೆ ಇತ್ತು, ಅದರಿಂದ ಬಂದದ್ದು. ಹಾಗಾಗಿ ತಪ್ಪಲ್ಲ. ಆದರೂ ನೀವು ರೀಕ್ಡ್ ಬರೆಯಿರಿ, ಯಾರೂ ಸುತ್ತು ಹಾಕಲ್ಲ.

‘ಪ್ಲೇ ಹ್ಯಾವಕ್’ ಅಂದರೆ ಆಟ ಆಡೋದಾ?

ಆಟವೇ, ನಮ್ಮ ಮೇಲೆ. ಇದು ಸ್ವಲ್ಪ ಮೆತ್ತಗಿನ ಬಳಕೆ. ರಾತ್ರಿ ಪಾಳಿ ನಿದ್ದೆಯ ಜೊತೆ ಹ್ಯಾವಕ್ ಆಡುತ್ತೆ, ಹೊರಗಿನ ಊಟ ಹೊಟ್ಟೆಯ ಜೊತೆ ಆಡುತ್ತೆ, ಉಪ್ಪುನೀರು ಕೂದಲ ಜೊತೆ ಆಡುತ್ತೆ. ಯಾರೂ ಸಾಯಲ್ಲ, ಏನೂ ಬೀಳಲ್ಲ, ಇದ್ದ ಕ್ರಮ ತಪ್ಪುತ್ತೆ. ಕನ್ನಡದಲ್ಲಿ ‘ಕೆಡಿಸು’, ‘ಎಡವಟ್ಟಾಗು’, ‘ಏರುಪೇರು’ ಇವೆಲ್ಲ ಹೊಂದುತ್ತವೆ. ಸಕ್ಕರೆ ಕಾಯಿಲೆಯವರ ಲೇಖನದಲ್ಲಿ ‘ಹಬ್ಬದ ಸಿಹಿ ಸಕ್ಕರೆ ಮಟ್ಟದ ಜೊತೆ ಹಾವಳಿ ಆಡುತ್ತದೆ’ ಅಂತ ಒಬ್ಬರು ಬರೆದು ತಂದಿದ್ದರು. ‘ಸಕ್ಕರೆ ಮಟ್ಟ ಏರುಪೇರಾಗುತ್ತದೆ’ ಅಂದರೆ ಮುಗೀತಲ್ಲ.

ಇಂಗ್ಲಿಷ್ ಬರೆಯುವಾಗ ಒಂದು ಗಮನ. ರೀಕ್ ಆದರೆ ಮುಂದೆ ‘ಆನ್’ ಬರುತ್ತೆ, ಪ್ಲೇ ಆದರೆ ‘ವಿತ್’.

‘ಎ ಹ್ಯಾವಕ್’, ‘ಹ್ಯಾವಕ್ಸ್’ ಅನ್ನಬಹುದಾ?

ಬೇಡ. ಎಣಿಸುವ ಪದವಲ್ಲ ಅದು. ‘ಮೂರು ಹಾವಳಿಗಳು’ ಅಂತ ನಾವು ಅನ್ನಲ್ಲ, ಹಾಗೇ.

ಕ್ರಿಯಾಪದವಾಗಿ?

ಇತ್ತು, ಈಗ ಅಪರೂಪ. ‘ಇಂಗ್’ ಅಥವಾ ‘ಈಡಿ’ ಸೇರಿಸಬೇಕಾದರೆ ನಡುವೆ ಒಂದು ಕೆ ಹಾಕಬೇಕು. ಪಿಕ್ನಿಕ್, ಪ್ಯಾನಿಕ್, ಟ್ರಾಫಿಕ್‌ಗಳಿಗೂ ಇದೇ ನಿಯಮ. ಇಲ್ಲದಿದ್ದರೆ ಸಿ ಅನ್ನುವ ಅಕ್ಷರ ‘ಸ’ ಆಗಿಬಿಡುತ್ತೆ. ಹಿಂದೆ ಈ ಪದದ ಕೊನೆಯಲ್ಲೇ ಕೆ ಇರುತ್ತಿತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸೌಲ ಎಂಬಾತ ಮನೆಮನೆಗೆ ನುಗ್ಗಿ ಹೊಸ ಕ್ರೈಸ್ತರನ್ನು ಎಳೆದುಕೊಂಡು ಹೋಗುವ ಕಡೆ ಈ ಪದ ಕೆ ಸಮೇತ ಬರುತ್ತದೆ. ಮನೆಮನೆಗೆ ನುಗ್ಗುವುದು ಅನ್ನುವುದನ್ನು ಗಮನಿಸಿ. ಕೊಳ್ಳೆಯ ವಾಸನೆ ಇನ್ನೂ ಹೋಗಿಲ್ಲ.

ಡೆವಸ್ಟೇಶನ್, ಡೆಮಾಲಿಶ್, ಡೆಸಿಮೇಟ್, ವ್ಯಾಂಡಲಿಸಂ, ಸಬೋಟಾಜ್... ಎಲ್ಲಾ ಒಂದೇ ಅಲ್ವಾ?

ಹಾಳು ಮಾಡುವುದರಲ್ಲೂ ಎಷ್ಟು ಬಗೆ ಅಂತ ನೋಡಿದರೆ ಮನುಷ್ಯನ ಬಗ್ಗೆ ಸ್ವಲ್ಪ ಭಯ ಆಗುತ್ತೆ. ಡೆಮಾಲಿಶ್ ಅಂದರೆ ಕಟ್ಟಿದ್ದನ್ನು ಕೆಡವುವುದು. ಪ್ಲಾನ್ ಇರುತ್ತೆ, ಆರ್ಡರ್ ಇರುತ್ತೆ, ಜೆಸಿಬಿ ಬರುತ್ತೆ. ನಮ್ಮಲ್ಲಿ ‘ನೆಲಸಮ’, ‘ತೆರವು’. ಸಬೋಟಾಜ್‌ನಲ್ಲೂ ಪ್ಲಾನ್ ಇದೆ, ಆದರೆ ಕಳ್ಳ ಪ್ಲಾನ್, ಒಳಗಿದ್ದುಕೊಂಡೇ ಕೆಡಿಸುವುದು. ವ್ಯಾಂಡಲಿಸಂ ಅಂದರೆ ಚಂದದ್ದನ್ನು ಕಂಡರೆ ಕೈ ತುರಿಸುವುದು. ಕ್ರಿ.ಶ. 455ರಲ್ಲಿ ರೋಮ್ ನಗರವನ್ನು ಕೊಳ್ಳೆ ಹೊಡೆದ ವ್ಯಾಂಡಲ್ ಜನರ ಹೆಸರಿನಿಂದ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಗ್ರೆಗ್ವಾರ್ ಅನ್ನುವ ಪಾದ್ರಿ ಹುಟ್ಟಿಸಿದ ಪದ. ಹಂಪಿಯ ಕಂಬದ ಮೇಲೆ ಮೊಳೆಯಲ್ಲಿ ಹೆಸರು ಕೆತ್ತಿ ಪಕ್ಕದಲ್ಲೊಂದು ಹೃದಯ ಬಿಡಿಸುವವನು ವ್ಯಾಂಡಲ್.

ಡೆಸಿಮೇಟ್ ಕಥೆ ಕ್ರೂರ. ರೋಮನ್ ಸೈನ್ಯದಲ್ಲಿ ಹೆದರಿ ಓಡಿದ ತುಕಡಿಯವರಿಗೆ ಚೀಟಿ ಎತ್ತಿಸಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುತ್ತಿದ್ದರು, ಹೊಡೆದು ಸಾಯಿಸಬೇಕಾದವರು ಉಳಿದ ಒಂಬತ್ತು ಜನ ಗೆಳೆಯರು. ನಮ್ಮ ‘ದಶ’, ಅವರ ‘ಡೆಕೆಮ್’ ಒಂದೇ ಬೇರಿನವು, ಡೆಸಿಮಲ್‌ನಲ್ಲಿ ಇರುವುದೂ ಅದೇ. ಡೆವಸ್ಟೇಶನ್ ಅಂದರೆ ಎಲ್ಲ ಮುಗಿದ ಮೇಲಿನ ಬಯಲು. ಹ್ಯಾವಕ್ ಇವೆಲ್ಲದರ ಪಕ್ಕ ನಿಂತರೆ ಎದ್ದು ಕಾಣುವುದು ಅದರ ಗಲಾಟೆ. ಅದರಲ್ಲಿ ಪ್ಲಾನ್ ಇಲ್ಲ, ಲೆಕ್ಕ ಇಲ್ಲ, ಇನ್ನೂ ನಡೆಯುತ್ತಲೇ ಇದೆ ಅನ್ನುವ ಹಾಗಿರುತ್ತೆ.

ರಷ್ಯಾದ ಹೆಲಿಕಾಪ್ಟರ್‌ಗೆ ಹ್ಯಾವಕ್ ಅಂತ ಯಾಕೆ ಹೆಸರು?

ಆ ಹೆಸರು ಇಟ್ಟಿದ್ದು ರಷ್ಯಾದವರಲ್ಲ, ಎದುರು ಪಾಳಯದ ನೇಟೋ, ಅಂದರೆ ಅಮೆರಿಕದ ಕಡೆಯ ದೇಶಗಳ ಸೈನಿಕ ಕೂಟ. ಸೋವಿಯತ್ ವಿಮಾನಗಳಿಗೆ ಅವರು ತಮ್ಮದೇ ಅಡ್ಡಹೆಸರು ಇಡುತ್ತಿದ್ದರು. ಹೆಲಿಕಾಪ್ಟರ್ ಆದರೆ ಎಚ್ ಅಕ್ಷರ, ಯುದ್ಧವಿಮಾನ ಆದರೆ ಎಫ್, ಬಾಂಬರ್ ಆದರೆ ಬಿ. ಹಾಗೆ 1982ರಲ್ಲಿ ಮೊದಲು ಹಾರಿದ ಎಂಐ-28ಕ್ಕೆ ಹ್ಯಾವಕ್ ಸಿಕ್ಕಿತು. ನಮ್ಮ ವಾಯುಪಡೆಯಲ್ಲೂ ಇದ್ದ ಎಂಐ-8ಕ್ಕೆ ಪಾಪ, ‘ಹಿಪ್’, ಅಂದರೆ ಸೊಂಟ. ಎರಡನೆಯ ಮಹಾಯುದ್ಧದಲ್ಲಿ ಎ-20 ಅನ್ನುವ ಅಮೆರಿಕನ್ ವಿಮಾನಕ್ಕೂ ಹ್ಯಾವಕ್ ಅಂತ ಹೆಸರಿತ್ತು.

ಕನ್ನಡಕ್ಕೆ ತರುವಾಗ ಎಲ್ಲ ಕಡೆ ಹಾವಳಿ ಅಂತಲೇ ಹಾಕಬಹುದಾ?

ಇಲ್ಲ. ಮೊದಲೇ ಹೇಳಿದ್ದೆನಲ್ಲ, ಅದು ಇದೇ. ಹಾವಳಿಗೆ ಒಂದು ಗುಣ ಇದೆ, ಅದು ಮತ್ತೆ ಮತ್ತೆ ಬರುತ್ತೆ. ಆನೆ ಹಾವಳಿ, ಮಂಗನ ಹಾವಳಿ, ಬೀದಿನಾಯಿ ಹಾವಳಿ, ಸರಗಳ್ಳರ ಹಾವಳಿ, ಸೊಳ್ಳೆ ಹಾವಳಿ, ನೆರೆ ಹಾವಳಿ. ಒಂದೇ ಸಲ ಆಗಿ ಮುಗಿಯುವುದಕ್ಕೆ ನಾವು ಹಾವಳಿ ಅನ್ನಲ್ಲ. ‘ಭೂಕಂಪದ ಹಾವಳಿ’ ಅಂತ ಯಾರ ಬಾಯಲ್ಲಾದರೂ ಕೇಳಿದ್ದೀರಾ? ಜೊತೆಗೆ ಹಾವಳಿಯಲ್ಲಿ ‘ಕಾಟ’ದ ಛಾಯೆ ಇದೆ. ಹೇಗೋ ಸಹಿಸಿಕೊಂಡು ಬದುಕುತ್ತಿದ್ದೇವೆ ಅನ್ನುವ ಬೇಸರ ಅದು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಜೋಡುಪಾಲ ಕಡೆಯಿಂದ ಸುದ್ದಿ ಬರುತ್ತಲೇ ಇತ್ತು. ಇಂಗ್ಲಿಷ್ ಕಾಪಿಯಲ್ಲಿ ಮಾಮೂಲಿನಂತೆ ಮಳೆ ಹ್ಯಾವಕ್ ಅಂತಿತ್ತು. ನಾನು ಕೈ ರೂಢಿಯಲ್ಲಿ ‘ಮಳೆ ಹಾವಳಿ’ ಅಂತ ಟೈಪ್ ಮಾಡಿ, ಕೆಳಗಿನ ಫೋಟೊ ನೋಡಿದೆ. ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣು, ಆ ಮಣ್ಣಿನಿಂದ ಒಂದು ಬಾಗಿಲಿನ ಚೌಕಟ್ಟು ಮಾತ್ರ ಓರೆಯಾಗಿ ಮೇಲೆ ಬಂದಿತ್ತು. ಹಾವಳಿ ಅನ್ನುವುದು ಅಲ್ಲಿ ಅಸಹ್ಯವಾಗಿ ಕಂಡಿತು. ಅಳಿಸಿ ‘ದುರಂತ’ ಅಂತ ಹಾಕಿದೆ. ಆವತ್ತಿನಿಂದ ನನ್ನ ಲೆಕ್ಕ ಸುಲಭ: ಜೀವ ಹೋಗಿದ್ದರೆ ಹಾವಳಿಯೂ ಬೇಡ, ಅವಾಂತರವೂ ಬೇಡ. ದುರಂತ, ಅನಾಹುತ, ಇಲ್ಲಾ ಸುಮ್ನೆ ‘ಗುಡ್ಡ ಕುಸಿದು ಇಷ್ಟು ಮಂದಿ ಸಾವು’.

ರಸ್ತೆಯಲ್ಲಿ ನೀರು ನಿಂತು ಬೈಕು ಕೆಟ್ಟಿದ್ದಕ್ಕೆ ‘ಅವಾಂತರ’ ಸಾಕು. ಕುಡಿದು ಬಂದವರು ಹೋಟೆಲ್ ಕುರ್ಚಿ ಒಡೆದರೆ ‘ದಾಂಧಲೆ’. ಸರ್ವರ್ ಕೆಟ್ಟು ಜನ ಸಾಲುಗಟ್ಟಿ ನಿಂತರೆ ‘ಪರದಾಟ’. ಇದಕ್ಕೆ ಇಂಗ್ಲಿಷಿನಲ್ಲಿ ಹ್ಯಾವಕ್ ಎಂದಿದ್ದರೂ ಕನ್ನಡದಲ್ಲಿ ಜನರ ಕಡೆಯಿಂದ ನೋಡುವುದೇ ಸರಿ. ಮತ್ತೆ ಆ ‘ವರುಣನ ಆರ್ಭಟ’ ಅನ್ನುವುದನ್ನು ಇನ್ನಾದರೂ ಬಿಡೋಣ. ವರುಣನಿಗೂ ಸಾಕಾಗಿರುತ್ತೆ.

ಮಕ್ಕಳ ತುಂಟಾಟಕ್ಕೆ ಹ್ಯಾವಕ್ ಅನ್ನಬಹುದಾ?

ಧಾರಾಳವಾಗಿ. ಇಂಗ್ಲಿಷಿನವರು ದಿನಾ ಅನ್ನುತ್ತಾರೆ, ಪ್ರೀತಿಯಿಂದಲೇ. ಎರಡು ವರ್ಷದ ಮಗು ಅಡುಗೆಮನೆಗೆ ನುಗ್ಗಿ ರಾಗಿಹಿಟ್ಟಿನ ಡಬ್ಬ ಬೋರಲು ಹಾಕಿ ಅದರ ಮಧ್ಯೆ ಕೂತಿದ್ದರೆ ಅದು ನೂರಕ್ಕೆ ನೂರು ಹ್ಯಾವಕ್. ಕನ್ನಡದಲ್ಲಿ ‘ರಂಪ’, ‘ದಾಂಧಲೆ’, ‘ಕಪಿಚೇಷ್ಟೆ’, ಮಗು ಯಾರದ್ದು ಅನ್ನುವುದರ ಮೇಲೆ ಆರಿಸಿಕೊಳ್ಳಿ.

ಒಬ್ಬ ಮನುಷ್ಯನನ್ನೇ ಹ್ಯಾವಕ್ ಅಂತ ಕರೆಯಬಹುದಾ?

ಇಂಗ್ಲಿಷಿನಲ್ಲಿ ಹಾಗೆ ಬಳಸಲ್ಲ. ಕನ್ನಡದಲ್ಲೂ ‘ಅವನೊಬ್ಬ ಹಾವಳಿ’ ಅನ್ನಲ್ಲ. ಪುಂಡ ಅನ್ನಿ. ನಮ್ಮೂರಲ್ಲಿ ಆನೆಗೂ ಅದನ್ನೇ ಅನ್ನುತ್ತಾರೆ, ಪುಂಡಾನೆ. ಚಿಕ್ಕಪ್ಪನ ಪೈಪು ತುಳಿದಿದ್ದು ಅದೇ ಇರಬೇಕು ಅಂತ ಅವರು ಇವತ್ತಿಗೂ ಹೇಳುತ್ತಿರುತ್ತಾರೆ.